ಅಪ್ಪ ನೆಟ್ಟ ಗೊಬ್ಬರದ ಮರಗಳು

ನಮ್ಮ ಬಿಲ್ಡಿಂಗಿನ ಹಿಂದಿನ ಗುಡ್ಡದ ಮರಗಳನ್ನೆಲ್ಲ ಸಾಯಿಸುತ್ತಾರಂತೆ ಎಂಬ ಸುದ್ದಿಯನ್ನು ಬೆಳಿಗ್ಗೆ ಹಾಲು ತರಲು ಕೆಳಗೆ ಹೋಗಿದ್ದ ನನ್ನ ಹೆಂಡತಿ ತಂದಳು. ನಾನು ಬ್ಯಾಂಕಿನಿಂದ ನಿವೃತ್ತನಾಗಿ ಐದು ವರ್ಷವಾಗಿತ್ತು. ಬಾಲ್ಕನಿಯಲ್ಲಿ ಕುಳಿತು ಅದೇ ಮರಗಳನ್ನು ನೋಡುತ್ತ ಚಹಾ ಕುಡಿಯುತ್ತಿದ್ದೆ.

“ಕಡಿಯುದಲ್ಲ ಅಂತೆ ಮಾರಾಯ್ರೆ,” ಎಂದಳು. “ಬುಡದ ಸುತ್ತ ಸಿಪ್ಪೆ ಸುಲಿದು ಬಿಡುದಂತೆ. ನಿಂತಲ್ಲೇ ಒಣಗ್ತದಂತೆ.”

“ಯಾರು ಹೇಳಿದ್ದು?”

“ವಾಚ್‌ಮನ್. ಬೋರ್ಡ್ ಸಹ ಹಾಕಿದ್ದಾರಂತೆ. ಅದು ಹೊರದೇಶದ ಮರ, ಕಾಡಿಗೆ ಕೇಡು ಅಂತ.”

ನನಗೆ ಎಂಥ ಸಿಟ್ಟು ಬಂತೆಂದರೆ ಲೋಟವನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿ ಆ ಬೋರ್ಡ್ ನೋಡಲು ಹೊರಟೇಬಿಟ್ಟೆ. ಆ ಮರಗಳು ಹೊರದೇಶದವೋ ಒಳದೇಶದವೋ ನನಗೆ ಗೊತ್ತಿರಲಿಲ್ಲ. ಅವು ನಮ್ಮ ಅಪ್ಪ ನೆಟ್ಟ ಮರಗಳು ಎಂಬುದು ಮಾತ್ರ ಗೊತ್ತಿತ್ತು.

ಮದುವೆಯಾಗಿ ನಾವು ಮುಂಬಯಿಯ ಬೊರಿವಲಿಗೆ ಬಂದಾಗ ಈ ಗುಡ್ಡ ಬೋಳಾಗಿತ್ತು. ಒಂದು ಮಗ್ಗುಲನ್ನು ಕಲ್ಲುಕೋರೆಯವರು ಕೊರೆದಿದ್ದರು, ಇನ್ನೊಂದು ಮಗ್ಗುಲಿಗೆ ಪ್ರತಿ ಬೇಸಗೆಯಲ್ಲೂ ಬೆಂಕಿ ಬೀಳುತ್ತಿತ್ತು. ಗುಡ್ಡದ ಆಚೆಗೆ ದೊಡ್ಡ ಕಾಡು ಶುರುವಾಗುತ್ತದೆ, ಈಚೆಗೆ ನಮ್ಮ ಬಿಲ್ಡಿಂಗುಗಳು. ನಾನು ಬೆಳಿಗ್ಗೆ ಲೋಕಲ್ ಹಿಡಿದು ಫೋರ್ಟಿನ ಬ್ಯಾಂಕಿಗೆ ಹೋದರೆ ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಹಾಗಾಗಿ ಗುಡ್ಡ ನನಗೆ ಭಾನುವಾರದ ವಸ್ತು. ಒಂದು ಮಳೆಗಾಲದ ಮೊದಲು ಸುತ್ತಲಿನ ಬಿಲ್ಡಿಂಗಿನವರೆಲ್ಲ ಸೇರಿ ಗುಡ್ಡವನ್ನು ಹಸಿರು ಮಾಡೋಣ ಎಂದು ಹೊರಟರು. ಅದೇ ಹೊತ್ತಿಗೆ ಅಪ್ಪ ಉಡುಪಿಯ ಕಡೆಯ ನಮ್ಮೂರಿನಿಂದ ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿರಲು ಬಂದಿದ್ದರು.

ಒಂದು ರೂಮು ಮತ್ತು ಅಡಿಗೆಮನೆ ಇದ್ದ ಮನೆ. ಜೀವಮಾನವಿಡೀ ತೆಂಗಿನ ಬುಡ ಬಿಡಿಸಿಕೊಂಡು ಬದುಕಿದ ಮನುಷ್ಯನಿಗೆ ನಾಲ್ಕನೇ ಮಹಡಿಯಲ್ಲಿ ಮಾಡಲು ಏನಿತ್ತು? ದಿನಕ್ಕೆ ಎಂಟು ಸಲ ಬಾಲ್ಕನಿಗೆ ಹೋಗಿ ನೋಡಿ ಒಳಗೆ ಬರುತ್ತಿದ್ದರು. ಗಿಡ ನೆಡುವ ಸುದ್ದಿ ಕೇಳಿದ್ದೇ ತಡ, ಮುಂಡು ಮೇಲೆ ಕಟ್ಟಿ, ತಲೆಗೆ ಬೈರಾಸು ಸುತ್ತಿ ತಯಾರಾದರು. ಟೆಂಪೋದಲ್ಲಿ ಬಂದಿಳಿದ ಗೂಟಗಳನ್ನು ನೋಡಿ ಅವರ ಮುಖ ಅರಳಿತು. “ಇದು ಗೊಬ್ಬರದ ಗಿಡ ಅಲ್ವಾ ಮಗಾ!” ಎಂದರು. ನಮ್ಮೂರ ತೋಟಗಳ ಬೇಲಿಯಲ್ಲಿ ಸೊಪ್ಪಿಗಾಗಿ ನೆಡುವ ಗ್ಲಿರಿಸಿಡಿಯಾ. ಕಡಿದು ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಬೇಗ ಹಸಿರಾಗಬೇಕಾದ ಗುಡ್ಡಕ್ಕೆ ಅದೇ ಸರಿ ಎಂದು ಎಲ್ಲರೂ ನಂಬಿದ್ದ ಕಾಲ. ಗೂಟವನ್ನು ಎಷ್ಟು ಓರೆಯಾಗಿ ಕತ್ತರಿಸಬೇಕು, ಎಷ್ಟು ಆಳಕ್ಕೆ ಇಳಿಸಬೇಕು ಎಂದು ಅಪ್ಪ ಆಫೀಸಿಗೆ ಹೋಗುವ ಗಂಡಸರಿಗೆಲ್ಲ ಕೈಸನ್ನೆಯಲ್ಲೇ ಕಲಿಸಿದರು. ಅವರಿಗೆ ಮರಾಠಿಯೂ ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ಆದರೂ ಆ ಮಳೆಗಾಲದಲ್ಲಿ ಇಡೀ ಸೊಸೈಟಿಗೆ ಅವರು ‘ಬಾಬಾ’ ಆದರು. ಊರಿಗೆ ಹಿಂತಿರುಗಿದ ಎರಡನೇ ವರ್ಷ ತೀರಿಕೊಂಡರು. ಮುಂಬಯಿಗೆ ಮತ್ತೆ ಬರಲೇ ಇಲ್ಲ.

ಇಷ್ಟು ವರ್ಷ ಫೆಬ್ರವರಿ ಬಂತೆಂದರೆ ಗುಡ್ಡದ ತುಂಬ ನಸುಗೆಂಪು ಹೂವು. ಹೂವಾದಾಗಲೆಲ್ಲ ಮನೆಗೆ ಬಂದ ನೆಂಟರನ್ನು ಬಾಲ್ಕನಿಗೆ ಕರೆದು, “ನಮ್ಮ ಅಪ್ಪ ನೆಟ್ಟದ್ದು” ಎಂದು ತೋರಿಸುವುದು ನನ್ನ ಅಭ್ಯಾಸ. ಈಗ ಅದಕ್ಕೆ ಸಿಪ್ಪೆ ಸುಲಿಯುತ್ತಾರೆಂದರೆ?

ಬ್ಯಾಂಕಿನಲ್ಲಿ ಪತ್ರ ಬರೆದೇ ಬರೆದು ನನ್ನ ಇಂಗ್ಲಿಷ್ ಗಟ್ಟಿಯಾಗಿತ್ತು. ಬೋರ್ಡ್ ಓದಿ ಬಂದವನೇ ಎರಡು ಪುಟದ ಆಕ್ಷೇಪಣೆ ಬರೆದೆ. ಮನೆಮನೆಗೆ ಹೋಗಿ ಸಹಿ ಹಾಕಿಸಿದೆ. ಸಂಬಂಧಪಟ್ಟ ಕಚೇರಿಗೆ ನಾನೇ ಹೋಗಿ ಕೊಟ್ಟು, ಪ್ರತಿಯ ಮೇಲೆ ಮುದ್ರೆ ಒತ್ತಿಸಿಕೊಂಡು ಬಂದೆ. ಕೆಲಸ ನಿಂತಿತು. ನಾನು ಗೆದ್ದೆ ಎಂದುಕೊಂಡೆ.

ಹದಿನೈದು ದಿನ ಕಳೆದಿರಬೇಕು, ಒಂದು ಸಂಜೆ ಬಾಗಿಲ ಬೆಲ್ ಆಯಿತು. ಇಪ್ಪತ್ತೇಳೆಂಟರ ಹುಡುಗಿ. ಕಾಲಿಗೆ ಧೂಳು ಮೆತ್ತಿದ ಬೂಟು, ಬೆನ್ನಿಗೆ ಚೀಲ. ಗುಡ್ಡದ ಕೆಲಸ ನೋಡಿಕೊಳ್ಳುವವಳು ತಾನೇ ಎಂದಳು. ನಾನು ಬಾಗಿಲಲ್ಲೇ ನಿಲ್ಲಿಸಿ ಹಿಂದಿಯಲ್ಲಿ ಕೂಗಾಡಿದೆ. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದಳು. ಕೊನೆಗೆ ಹೆಂಡತಿ ಒಳಗಿನಿಂದ, “ಆ ಮಗುವನ್ನು ಹೊರಗೆ ನಿಲ್ಲಿಸಿ ಎಂತ ಬೊಬ್ಬೆ ನಿಮ್ದು? ಒಳಗೆ ಕರೀರಿ ಮೊದ್ಲು” ಎಂದಳು.

ಹುಡುಗಿ ಥಟ್ಟನೆ ಮುಖ ಎತ್ತಿದಳು. “ಆಂಟಿ, ನೀವು ಕನ್ನಡಾನಾ? ನಮ್ಮ ಅಮ್ಮ ಮೈಸೂರಿನವರು. ನಂಗೆ ಪೂರಾ ಬರಲ್ಲ... ಥೋಡಾ ಥೋಡಾ.”

ಆ ಮೇಲೆ ಜಗಳವೆಲ್ಲಿ? ಅವಲಕ್ಕಿ ಬಂತು, ಕಾಫಿ ಬಂತು. ಅವಳು ಸಸ್ಯಶಾಸ್ತ್ರ ಓದಿದವಳು. ನನ್ನ ಪತ್ರವನ್ನು ಪೂರ್ತಿ ಓದಿದ್ದಳು. “ಅಂಕಲ್, ನಿಮ್ಮ ಲೆಟರಿನಲ್ಲಿ ನಿಮ್ಮ ಫಾದರ್ ಬಗ್ಗೆ ಬರೆದ ಪ್ಯಾರಾ ಓದಿ ನಂಗೆ ರೋನಾ... ಅಳು ಬಂತು. ನಾನು ವಾದ ಮಾಡಕ್ಕೆ ಬಂದಿಲ್ಲ. ಒಂದೇ ಒಂದು ಸಲ ಮೇಲೆ ಬಂದು ನೋಡಿ ನಾ. ಆಮೇಲೂ ಬೇಡ ಅಂದ್ರೆ ಬೇಡ.”

ಆಗ ನನಗೆ ಒಂದು ವಿಷಯ ಹೊಳೆದು ನಾಚಿಕೆಯಾಯಿತು. ನಾನು ಆ ಗುಡ್ಡ ಹತ್ತಿ ಇಪ್ಪತ್ತು ವರ್ಷವಾಗಿತ್ತು.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹತ್ತಿದೆ. ದಾರಿ ತೋರಿಸಲು ಹುಡುಗಿ ಒಬ್ಬ ಹೆಂಗಸನ್ನು ಜೊತೆ ಮಾಡಿದಳು. ಕಾಡಿನೊಳಗಿನ ಪಾಡಾದಲ್ಲಿ, ಅಂದರೆ ಆದಿವಾಸಿಗಳ ಕೇರಿಯಲ್ಲಿ ಹುಟ್ಟಿ ಬೆಳೆದ ವಾರ್ಲಿ ಹೆಂಗಸು. ನಲವತ್ತೈದು ದಾಟಿರಬಹುದು. ಸೀರೆಯ ಮೇಲೆ ಗಂಡಸರ ಅಂಗಿ, ಕೈಯಲ್ಲಿ ಕೋಯ್ತಾ ಎಂಬ ಬಾಗಿದ ಕತ್ತಿ. ಎಲ್ಲರೂ ಅವಳನ್ನು ತಾಯಿ ಎನ್ನುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ಅಕ್ಕ ಎಂದರ್ಥ. ನನ್ನ ಕಿವಿಗೆ ಮಾತ್ರ ಅದು ಅಮ್ಮ ಎಂದೇ ಕೇಳಿಸುತ್ತಿತ್ತು. ಇವತ್ತಿಗೂ ಹಾಗೇ.

ತಾಯಿ ನನ್ನನ್ನು ಮೊದಲು ನಮ್ಮ ಮರಗಳ ಅಡಿಗೇ ಕರೆದೊಯ್ದಳು. ಬಾಲ್ಕನಿಯಿಂದ ನೋಡಿದರೆ ಅದು ಹಸಿರು. ಒಳಗೆ ಕಾಲಿಟ್ಟರೆ ಬೇರೆ. ಅಪ್ಪ ನೆಟ್ಟ ಗೂಟಗಳು ಬೀಜ ಸಿಡಿಸಿ ಸಿಡಿಸಿ ಹತ್ತುಪಟ್ಟಾಗಿದ್ದವು. ಅವುಗಳ ನಡುವೆ ನುಗ್ಗಲಾಗದಂತೆ ಲಂಟಾನದ ಪೊದೆ. ಅದಕ್ಕೆ ಮರಾಠಿಯಲ್ಲಿ ಘಾಣೇರಿ, ನಾರುವ ಗಿಡ ಎಂದು ಹೆಸರು. ಬಗ್ಗಿಕೊಂಡು, ಮುಳ್ಳಿಗೆ ಅಂಗಿ ಸಿಕ್ಕಿಸಿಕೊಂಡು ನಡೆಯಬೇಕು. ನೆಲದಲ್ಲಿ ಹುಲ್ಲಿಲ್ಲ. ಬೇರೆ ಜಾತಿಯ ಒಂದು ಸಸಿಯೂ ಕಣ್ಣಿಗೆ ಬೀಳಲಿಲ್ಲ.

“ಹುಡುಕಿ ಕಾಕಾ,” ಎಂದಳು ತಾಯಿ, “ಈ ಮರಗಳ ಮರಿ ಬಿಟ್ಟು ಬೇರೆ ಮರದ ಮರಿ ಒಂದು ಸಿಕ್ಕರೆ ಹೇಳಿ. ನನ್ನ ಅಮ್ಮನ ಕಾಲದಲ್ಲಿ ಇಲ್ಲಿ ನಾವು ಮೂರು ತಿಂಗಳು ಸೊಪ್ಪು, ಹೂವು, ಕಾಯಿ ಕೊಯ್ದು ತಿನ್ನುತ್ತಿದ್ದೆವು.”

ನಾನು ಹುಡುಕಿದೆ. ಹಟದಿಂದಲೇ ಹುಡುಕಿದೆ. ಸಿಗಲಿಲ್ಲ.

ಆಮೇಲೆ ಅವಳು ಕೋಯ್ತಾದಿಂದ ದಾರಿ ಬಿಡಿಸುತ್ತ ಒಂದು ದೊಡ್ಡ ಬಂಡೆಯ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ತಟಕ್ಕನೆ ಬೆಳಕು. ಐದಾರು ಸಣ್ಣ ಮರಗಳು ಗೊಂಚಲು ಗೊಂಚಲು ಬಿಳಿ ಹೂ ಬಿಟ್ಟು ನಿಂತಿದ್ದವು. ಪರಿಮಳ ಮೂಗಿಗೆ ಬಂದ ಕೂಡಲೇ ನನ್ನ ಬಾಯಿಂದ ಮಾತು ಬಂತು: “ಕೊಡಸಿಗೆ!”

“ಕುಡಾ,” ಎಂದಳು ತಾಯಿ. “ಈ ಹೂವಿನ ಭಾಜಿ ನಾವು ಈಗಲೂ ಮಾಡುತ್ತೇವೆ. ಈ ಗುಡ್ಡದಲ್ಲಿ ಉಳಿದದ್ದು ಇಷ್ಟೇ. ಉಳಿಸಿದ್ದು ಒಬ್ಬ ಬಾಬಾ.”

ಅವಳು ಬುಡ ತೋರಿಸಿದಳು. ಪ್ರತಿ ಮರದ ಸುತ್ತ ಕಲ್ಲುಗಳ ಒಂದು ಉಂಗುರ. ಅರ್ಧ ಮಣ್ಣಲ್ಲಿ ಹೂತು ಹೋಗಿ, ಹಾವಸೆ ಕಟ್ಟಿ, ಕೆಲವನ್ನು ಬೇರು ನುಂಗಿ ಹಾಕಿದ್ದರೂ ಯಾರೋ ಕೈಯಾರೆ ಇಟ್ಟದ್ದೆಂದು ನೋಡಿದರೆ ತಿಳಿಯುತ್ತಿತ್ತು.

“ನಾನು ಆಗ ಇಷ್ಟೆತ್ತರ,” ಎಂದು ಸೊಂಟದ ಹತ್ತಿರ ಕೈ ಹಿಡಿದಳು. “ನೆಲ ಸವರಲು ನಮ್ಮಮ್ಮನನ್ನು ಕರೆದಿದ್ದರು. ನಾನೂ ಬಂದಿದ್ದೆ. ಇವೆಲ್ಲ ಮೊಣಕಾಲೆತ್ತರದ ಗಿಡಗಳು. ಗೂಟ ನೆಡಲು ಜಾಗ ಆಗಬೇಕಲ್ಲ, ಅಮ್ಮ ಕೋಯ್ತಾ ಎತ್ತಿದಳು. ಆಗ ಒಬ್ಬ ಮುದುಕ ಓಡಿ ಬಂದು ಎರಡೂ ಕೈ ಅಡ್ಡ ಹಿಡಿದು ನಿಂತ. ಬಿಳಿ ಪಂಚೆ, ತಲೆಗೆ ಬಟ್ಟೆ. ಅವನ ಭಾಷೆ ನಮಗೆ ಬಾರದು, ನಮ್ಮದು ಅವನಿಗೆ ಬಾರದು. ಅಮ್ಮ ನಕ್ಕಳು. ಆಗ ಅವನು ಏನು ಮಾಡಿದ ಗೊತ್ತೇ? ಹೊಟ್ಟೆ ಹಿಡಿದುಕೊಂಡು ಅಯ್ಯೋ ಅಯ್ಯೋ ಅಂತ ಬಗ್ಗಿದ. ಚೊಂಬು ಹಿಡಿದು ಓಡುವವನ ಹಾಗೆ ಎರಡು ಸಲ ಅತ್ತಿತ್ತ ಓಡಿದ. ಆಮೇಲೆ ಈ ಗಿಡ ಮುಟ್ಟಿ, ಸಿಪ್ಪೆ ಕೆತ್ತಿ ಕುದಿಸಿ ಕುಡಿದ ಹಾಗೆ ಮಾಡಿ, ಹೊಟ್ಟೆ ಸವರಿಕೊಂಡು ನಕ್ಕ.”

ತಾಯಿ ಆ ಅಭಿನಯವನ್ನೆಲ್ಲ ಮಾಡಿ ತೋರಿಸುತ್ತ ತಾನೂ ನಗುತ್ತಿದ್ದಳು. “ಅಮ್ಮನಿಗೆ ಅರ್ಥವಾಯಿತು. ಹೊಟ್ಟೆ ಕೆಟ್ಟರೆ ನಮಗೂ ಇದೇ ಔಷಧಿ. ಇಬ್ಬರೂ ಸೇರಿ ಕಲ್ಲು ತಂದು ಸುತ್ತ ಇಟ್ಟರು, ಯಾರೂ ತುಳಿಯಬಾರದು ಅಂತ. ನಾನೂ ಎರಡು ಕಲ್ಲು ಇಟ್ಟಿದ್ದೇನೆ. ಆ ಬಾಬಾ ನಿಮ್ಮ ಬಿಲ್ಡಿಂಗಿನ ಯಾರೋ ಇರಬೇಕು. ಅಮ್ಮ ಸಾಯುವವರೆಗೂ ಅವನ ಸುದ್ದಿ ಹೇಳಿ ನಗುತ್ತಿದ್ದಳು.”

ನಾನು ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ. “ಅದು ನನ್ನ ಅಪ್ಪ,” ಎಂದೆ.

ತಾಯಿ ನಗು ನಿಲ್ಲಿಸಿದಳು. ನನ್ನ ಮುಖವನ್ನೇ ನೋಡಿದಳು. ನಂತರ ಹತ್ತಿರ ಬಂದು ಒಂದು ಗೊಂಚಲು ಹೂ ಕಿತ್ತು ನನ್ನ ಅಂಗೈಯಲ್ಲಿಟ್ಟು, ನೀರಿನ ಬಾಟಲಿ ಚಾಚಿದಳು. ಅವಳು ಆಗ ಏನಾದರೂ ಮಾತಾಡಿದ್ದರೆ ನಾನು ಅತ್ತೇಬಿಡುತ್ತಿದ್ದೆ.

ಮನೆಗೆ ಬಂದು ಹೆಂಡತಿಗೆ ಹೂವು ಕೊಟ್ಟು ಎಲ್ಲ ಹೇಳಿದೆ. ಅವಳು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. “ಮಾವ ಹೇಳಿದ್ರಲ್ಲ! ಇಲ್ಲಿ ಸಹ ಕೊಡಸಿಗೆ ಉಂಟು, ದೊಡ್ಡದಾದ ಮೇಲೆ ನಿಂಗೆ ತಂಬುಳಿಗೆ ಆಗ್ತದೆ ಅಂತ. ನೀವು ಪೇಪರ್ ಓದ್ತಾ ಹೂಂ ಅಂದ್ರಿ.”

ನನಗೆ ನೆನಪಿಲ್ಲ. ಇಷ್ಟು ವರ್ಷ ನಾನು ಅಪ್ಪನ ಮರ ಎಂದು ನೆಂಟರಿಗೆ ತೋರಿಸಿದ್ದು ಟೆಂಪೋದಲ್ಲಿ ಬಂದ ಗೂಟಗಳನ್ನು. ಅವರು ತಾವಾಗಿ ಗುರುತಿಸಿ, ಅಡ್ಡ ನಿಂತು, ಉಳಿಸಿದ ಮರಗಳು ಬಂಡೆಯ ಹಿಂದೆ ನನಗೆ ಗೊತ್ತಿಲ್ಲದೇ ಹೂ ಬಿಡುತ್ತಿದ್ದವು. ಆ ದಿನ ಮಧ್ಯಾಹ್ನ ಹೂವನ್ನು ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದಳು. ಒಂದಿಷ್ಟು ಕಹಿ ಉಳಿದಿತ್ತು. ನಾನು ಮೂರು ಸಲ ಬಡಿಸಿಕೊಂಡೆ.

ಮಾರನೇ ವಾರ ಆಕ್ಷೇಪಣೆ ಹಿಂತೆಗೆದುಕೊಳ್ಳುತ್ತೇನೆಂದು ಇನ್ನೊಂದು ಪತ್ರ ಬರೆದೆ. ಮೊದಲು ಸಹಿ ಹಾಕಿದವರ ಬಾಗಿಲಿಗೆ ಮತ್ತೆ ಹೋಗುವುದು ಸುಲಭವಿರಲಿಲ್ಲ. “ಆವತ್ತು ನೀವೇ ಬಂದು ಹಾಗೆ ಹೇಳಿದ್ರಿ, ಈಗ ನೀವೇ ಬಂದು ಹೀಗೆ ಹೇಳ್ತೀರಿ” ಎಂದು ಎರಡನೇ ಮಹಡಿಯವರು ಬಾಗಿಲು ಹಾಕಿಕೊಂಡರು. ಅವರ ತಪ್ಪೇನೂ ಇರಲಿಲ್ಲ. ಕೆಲವರು ಸಹಿ ಹಾಕಿದರು, ಕೆಲವರು ಹಾಕಲಿಲ್ಲ. ಹುಡುಗಿ ಆ ಪತ್ರ ನೋಡಿ ನನ್ನ ಕಾಲಿಗೆ ನಮಸ್ಕರಿಸಿದಳು. ನಾನು ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ಕೂಗಾಡಿದ್ದನ್ನು ಅವಳು ಇವತ್ತಿನವರೆಗೂ ತಮಾಷೆಗೂ ಎತ್ತಿಲ್ಲ.

ಮಳೆ ನಿಂತ ಮೇಲೆ ಕೆಲಸ ಶುರುವಾಯಿತು. ಭಾನುವಾರ ಭಾನುವಾರ ನಾನೂ ಹೋಗತೊಡಗಿದೆ. ಲಂಟಾನ ಕೀಳುವುದನ್ನು ತಾಯಿಯೇ ಕಲಿಸಿದಳು. ಮೇಲೆ ಕತ್ತರಿಸಿದರೆ ಎರಡರಷ್ಟು ಚಿಗುರುತ್ತದೆ. ಬುಡದ ಮಣ್ಣು ಸರಿಸಿ, ನಾಲ್ಕು ಬೆರಳು ಕೆಳಗೆ ಬೇರಿನ ಕುತ್ತಿಗೆಗೆ ಪಿಕ್ಕಾಸಿನಿಂದ ಒಂದೇ ಏಟು. ಕಿತ್ತ ಪೊದೆಯನ್ನು ನೆಲದ ಮೇಲೆ ಬಿಟ್ಟರೆ ಮತ್ತೆ ಬೇರು ಬಿಡುತ್ತದೆಂದು ಮರದ ಕವಲಿಗೆ ತಲೆಕೆಳಗಾಗಿ ಸಿಕ್ಕಿಸಬೇಕು. ನನ್ನ ಮೊದಲ ದಿನದ ಸಾಧನೆ ಮೂರು ಪೊದೆ. ತಾಯಿ ಅಷ್ಟರಲ್ಲಿ ಒಂದು ಇಳಿಜಾರನ್ನೇ ಬೋಳಿಸಿದ್ದಳು. ಆದರೂ ನನ್ನ ಮೂರನ್ನು ಎಲ್ಲರನ್ನೂ ಕರೆದು ತೋರಿಸಿದಳು.

ಗ್ಲಿರಿಸಿಡಿಯಾದ ಸರದಿ ಬಂದ ದಿನ ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, “ಅಂಕಲ್, ಫಾದರ್ ನೆಟ್ಟಿದ್ದರಲ್ಲಿ ಒಂದು ಮರ ಬಿಡೋಣ್ವಾ? ನಿಮಗೋಸ್ಕರ. ಒಂದರಿಂದ ಏನಾಗಲ್ಲ.”

ನಾನು ತಾಯಿಯ ಕಡೆ ನೋಡಿದೆ. ಅವಳು ಬೇರೆ ಕಡೆ ನೋಡುತ್ತಿದ್ದಳು. ಏನಾಗುತ್ತದೆಂದು ನನಗೂ ಅಷ್ಟರಲ್ಲಿ ಗೊತ್ತಾಗಿತ್ತು. ಒಂದರ ಕಾಯಿ ಸಿಡಿದರೆ ಸಾಕು.

“ಬೇಡ,” ಎಂದೆ. “ಮೊದಲನೇದು ನಾನೇ ಮಾಡ್ತೇನೆ.”

ಮೊಣಕಾಲೆತ್ತರದಲ್ಲಿ ಒಂದು ಗೇಣು ಅಗಲಕ್ಕೆ ಸುತ್ತ ಸಿಪ್ಪೆ ತೆಗೆಯಬೇಕು. ಕೋಯ್ತಾ ಹಿಡಿದು ಮರದ ಮುಂದೆ ಬಗ್ಗಿದೆ. ತಾಯಿ ಬಂದು ನನ್ನ ಕೈಯ ಮೇಲೆ ಕೈಯಿಟ್ಟು ಮೊದಲ ಗೀರು ಎಳೆಸಿದಳು. ಸಿಪ್ಪೆ ಸುಲಿದ ಕಡೆ ಮರ ಒದ್ದೆಯಾಗಿ ಬೆಳ್ಳಗಿತ್ತು. ಅಲ್ಲಿ ಅಂಗೈಯಿಟ್ಟೆ. ಮೂವತ್ತೈದು ವರ್ಷ ನೆರಳು ಕೊಟ್ಟಿದೆ, ಮಣ್ಣು ಜಾರದಂತೆ ಹಿಡಿದಿದೆ, ಸುಳ್ಳು ಹೇಳಬಾರದು. ಅದಕ್ಕೊಂದು ಮಾತು ಹೇಳಬೇಕೆನಿಸಿತು. ಕನ್ನಡದಲ್ಲೇ ಹೇಳಿದೆ. ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ.

ಎಲ್ಲವೂ ಅಂದುಕೊಂಡಂತೆ ಆಗಲಿಲ್ಲ. ಪೂರ್ವದ ಒಂದು ತುಂಡು ನೆಲದಲ್ಲಿ ಮರುವರ್ಷ ಮಳೆ ಬಿಡದೆ ಸುರಿದು ನಾವು ಆರು ವಾರ ಹೋಗಲಾಗದೆ, ಲಂಟಾನ ಮೊದಲಿಗಿಂತ ಹೆಚ್ಚಾಗಿ ಎದ್ದಿತು. ಹುಡುಗಿ ತುಂಬ ಪ್ರೀತಿಯಿಂದ ನೆಟ್ಟ ಬೂರುಗದ ಸಸಿಗಳನ್ನು ಜಿಂಕೆಗಳು ಒಂದೂ ಬಿಡದೆ ತಿಂದು ಹಾಕಿದವು. “ಜಿಂಕೆ ತಿಂದ್ರೆ ಒಳ್ಳೇದೇ ಅಲ್ವಾ ಅಂಕಲ್,” ಎಂದು ಅವಳು ನಗಲು ನೋಡಿದಳು, ಕಣ್ಣು ಮಾತ್ರ ನಗುತ್ತಿರಲಿಲ್ಲ. ಮತ್ತೆ ನೆಟ್ಟೆವು, ಸುತ್ತ ಅದೇ ಲಂಟಾನದ ಒಣ ಮುಳ್ಳಿನ ಬೇಲಿ ಕಟ್ಟಿದೆವು.

ಆದರೆ ಎರಡನೇ ಮಳೆಗಾಲ ಮುಗಿಯುವಾಗ ಕಂಡದ್ದನ್ನು ನಾನು ಮರೆಯಲಾರೆ. ಎಲೆ ಉದುರಿಸಿ ಒಣಗಿ ನಿಂತ ಮರಗಳ ನಡುವೆ ಬಿಸಿಲು ನೆಲಕ್ಕೆ ಬಿದ್ದಿತ್ತು. ನಾವು ಯಾರೂ ಬಿತ್ತದ ಸಸಿಗಳು ಅಲ್ಲಿ ತಾವಾಗಿ ಎದ್ದಿದ್ದವು. ತಾಯಿ ಬೆರಳು ತೋರಿಸಿ ಮರಾಠಿ ಹೆಸರು ಹೇಳುತ್ತಿದ್ದಳು, ನಾನು ಕನ್ನಡದ್ದು ಹೇಳುತ್ತಿದ್ದೆ. ಪಳಸ ಎಂದರೆ ಮುತ್ತುಗ, ಐನ್ ಎಂದರೆ ಮತ್ತಿ, ಬೀಬ್ಲಾ ಎಂದರೆ ಹೊನ್ನೆ. ಹುಡುಗಿ ನಡುವೆ ಕುಳಿತು ಎರಡನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಒಣಗಿದ ಒಂದು ಕಾಂಡದಲ್ಲಿ ಕುಟ್ರುಹಕ್ಕಿ ದುಂಡಗೆ ತೂತು ಕೊರೆದು ಮರಿ ಮಾಡಿತ್ತು. ಸತ್ತ ಮರ ಮೆತ್ತಗಾಗುತ್ತದೆ, ಅದಕ್ಕೆ ಅದೇ ಇಷ್ಟ ಎಂದಳು ತಾಯಿ. ಬಂಡೆಯ ಹಿಂದಿನ ಕೊಡಸಿಗೆ ಬೇರಿನಿಂದಲೇ ಮರಿ ಹಾಕುತ್ತ ಕಲ್ಲಿನ ಉಂಗುರ ದಾಟಿ ಹೊರಗೆ ಬಂದಿತ್ತು.

ಈಗ ನನ್ನ ಮೊಣಕಾಲು ಗುಡ್ಡ ಹತ್ತಲು ಒಪ್ಪುವುದಿಲ್ಲ. ಬುಡದಲ್ಲಿರುವ ಸಸಿಮನೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಿದ್ದಾರೆ. ಬೀಜ ನೆನೆಸುವುದು, ಮಣ್ಣು ಜರಡಿ ಹಿಡಿಯುವುದು, ಚೀಲ ತುಂಬುವುದು ನನ್ನ ಕೆಲಸ. ಬ್ಯಾಂಕಿನಲ್ಲಿದ್ದಷ್ಟು ಕಾಲವೂ ನನಗೆ ಅಲ್ಲಿ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ತಪ್ಪು ಮಾಡಿದ ಮುದುಕನಿಗೆ ತಪ್ಪು ಎಂದು ಬಾಯಿಬಿಟ್ಟು ಹೇಳದೆ, ಕೈಗೆ ಕೆಲಸ ಕೊಟ್ಟವರು ಇವರು. ಆ ಹುಡುಗಿ, ತಾಯಿ ಇಬ್ಬರೂ ಬಾರದೇ ಇದ್ದಿದ್ದರೆ ನಾನು ಬಾಲ್ಕನಿಯಲ್ಲೇ ಕುಳಿತು, ಗೆದ್ದೆನೆಂದುಕೊಂಡು, ಅಪ್ಪನನ್ನು ಅರ್ಧವೇ ತಿಳಿದು ಸಾಯುತ್ತಿದ್ದೆ.

ಕಳೆದ ಆಷಾಢದಲ್ಲಿ ತಾಯಿ ಒಂದು ಕಟ್ಟು ಎಳೆ ಸೊಪ್ಪು ತಂದು, “ಕಾಕಿಗೆ ಕೊಡಿ, ಟಾಕಳಾ” ಎಂದಳು. ತೆರವಾದ ಇಳಿಜಾರಿನಲ್ಲಿ ಮೊದಲ ಮಳೆಗೆ ಎದ್ದದ್ದು. ಮನೆಗೆ ಒಯ್ದರೆ ಹೆಂಡತಿ ಕಟ್ಟು ಬಿಚ್ಚಿ ಮೂಸಿ ನೋಡಿ ಕೂಗಿದಳು, “ಚಗಟೆ ಸೊಪ್ಪು! ಬೊರಿವಲಿಯಲ್ಲಿ ನಮ್ಮೂರ ಚಗಟೆ ಸೊಪ್ಪು ಮಾರಾಯ್ರೆ!” ಅಕ್ಕಿ ರುಬ್ಬಿ, ಸೊಪ್ಪು ಹೆಚ್ಚಿ ಕಲಸಿ, ಅದರ ವಡೆ ಮಾಡಿ ಒಂದು ಡಬ್ಬಿ ತುಂಬ ಗುಡ್ಡಕ್ಕೆ ಕಳಿಸಿದಳು. ತಾಯಿ ಒಂದು ಕಚ್ಚಿ, ತಾನಾದರೆ ಬೆಳ್ಳುಳ್ಳಿ ಹಾಕುತ್ತಿದ್ದೆ ಎಂದಳು. ನಾನು ಅದನ್ನು ಹಾಗೆಯೇ ಮನೆಗೆ ವರದಿ ಮಾಡಿದೆ.

“ಹೌದಾ? ಹಾಗಾದ್ರೆ ಬರುವ ಭಾನುವಾರ ನಾನೇ ಬರ್ತೇನೆ,” ಎಂದಳು ಹೆಂಡತಿ. “ಬೆಳ್ಳುಳ್ಳಿ ಹಾಕಿ ಅವಳೇ ಮಾಡಿ ತೋರಿಸ್ಲಿ.”

ಬಂದಳು. ಸಸಿಮನೆಯ ತಗಡಿನ ಮಾಡಿನಡಿಯಲ್ಲಿ ಒಲೆ ಹೂಡಿ ಇಬ್ಬರೂ ಕುಳಿತರು. ಒಬ್ಬಳದು ಉಡುಪಿಯ ಹಿಂದಿ, ಇನ್ನೊಬ್ಬಳದು ಕಾಡಿನ ಮರಾಠಿ. ಹೊರಗೆ ಮಳೆ ಹೊಯ್ಯುತ್ತಿತ್ತು. ಎರಡು ಬಗೆಯ ವಡೆಯನ್ನೂ ಎದುರಿಗಿಟ್ಟು ಯಾವುದು ಒಳ್ಳೆಯದೆಂದು ನನ್ನನ್ನು ಕೇಳಿದರು. ನಾನು ಬೀಜದ ಬುಟ್ಟಿ ಎತ್ತಿಕೊಂಡು ಆಚೆ ನಡೆದೆ.